ಗಾಜಣ್ಣ ಪ್ಯಾಸೇಜು ಸಿಂಗರಿಸಿದ್ದು

ಗಾಜಣ್ಣನ ಮನೆಯ ಬೀದಿ ಬಾಗಿಲು ತೆಗೆದರೆ ಮೊದಲು ಸಿಗುವುದು ಮನೆಯಲ್ಲ, ಪ್ಯಾಸೇಜು. ಉದ್ದ ಒಂಬತ್ತಡಿ, ಅಗಲ ಎರಡಡಿ ಹತ್ತಿಂಚು. ಅದರ ಕೊನೆಯಲ್ಲಿ ಎಡಕ್ಕೆ ತಿರುಗಿದರೆ ನಡುಮನೆ, ನಡುಮನೆ ದಾಟಿದರೆ ಅಡುಗೆಮನೆ, ಅಲ್ಲಿಗೆ ಮನೆ ಮುಗಿಯಿತು. ಹಿಂದಿನ ಬಾಗಿಲು ಅಂತ ಒಂದಿಲ್ಲ. ಕಟ್ಟಿಸಿದವನು ಯಾವ ಆಸಾಮಿಯೋ, ಈ ಮನೆಗೆ ಬರುವವರೆಲ್ಲ ತೆಳ್ಳಗಿರುತ್ತಾರೆ, ಒಬ್ಬೊಬ್ಬರಾಗಿ ಬರುತ್ತಾರೆ, ಕೈಯಲ್ಲಿ ಏನನ್ನೂ ಹಿಡಿದಿರುವುದಿಲ್ಲ ಅಂದುಕೊಂಡಿದ್ದನೋ ಏನೋ. ಪ್ಯಾಸೇಜಿನಲ್ಲಿ ಇಬ್ಬರು ಎದುರುಬದುರಾದರೆ ಒಬ್ಬರು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕು. ಗಂಡ ಹೆಂಡತಿ ಇಬ್ಬರೇ ಇರುವ ಮನೆ. ಯಾರು ಹಿಂದಕ್ಕೆ ಹೋಗುತ್ತಿದ್ದರು ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಗಾಜಣ್ಣ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ದೊಡ್ಡ ಬೀದಿಯ ಬಟ್ಟೆ ಅಂಗಡಿಯಲ್ಲಿ ಮೂವತ್ತೊಂದು ವರ್ಷದಿಂದ ಶೋಕೇಸು ಸಿಂಗರಿಸುವುದು ಅವನ ಕೆಲಸ. ದಿನದ ಅರ್ಧ ಹೊತ್ತು ಗಾಜಿನೊಳಗೆ ಗೊಂಬೆಗಳ ಜೊತೆ ನಿಂತಿರುವ ಮನುಷ್ಯನನ್ನು ಬೀದಿಯ ಜನ ಇನ್ನೇನು ಅಂತ ಕರೆಯಬೇಕು? ಅವನೂ ಬೇಸರ ಮಾಡಿಕೊಳ್ಳಲಿಲ್ಲ. ಕರೆಂಟು ಬಿಲ್ಲಿನಲ್ಲಿ ಒಂದು ಬೇರೆ ಹೆಸರಿತ್ತು, ಅದನ್ನು ನೋಡಿದರೆ ಅವನಿಗೇ ಯಾರೋ ಬಾಡಿಗೆದಾರನ ನೆನಪಾಗುತ್ತಿತ್ತಂತೆ.

ಆ ಕೆಲಸದ ರೀತಿಯೇ ಬೇರೆ. ಶೋಕೇಸಿನಲ್ಲಿ ಎದುರಿಗೆ ಕಂಡದ್ದು ಮಾತ್ರ ಉಂಟು, ಮಿಕ್ಕಿದ್ದು ಇಲ್ಲ. ಬೀದಿಯಿಂದ ನೋಡಿದರೆ ಗೊಂಬೆಗೆ ಅಳತೆ ತೆಗೆದೇ ಹೊಲಿದ ಹಾಗಿರುವ ಕೋಟಿನ ಬೆನ್ನಿನಲ್ಲಿ ಹದಿನಾಲ್ಕು ಗುಂಡುಪಿನ್ನು ಇರುತ್ತವೆ. ಹೂಕುಂಡ ಇಟ್ಟರೆ ಅರ್ಧ ಹೂಕುಂಡ, ಕುರ್ಚಿ ಇಟ್ಟರೆ ಮುಂದಿನ ಎರಡೇ ಕಾಲಿನ ಕುರ್ಚಿ. ಹಿಂದುಗಡೆ ಬಗ್ಗಿ ನೋಡಲು ಯಾರು ಬರುತ್ತಾರೆ? ಅಂಗಡಿಯ ಮುಂದೆ, ಗಾಜಿನಿಂದ ಐದು ಹೆಜ್ಜೆ ದೂರದಲ್ಲಿ, ಗಾಜಣ್ಣ ಸೀಮೆಸುಣ್ಣದಿಂದ ನೆಲದ ಮೇಲೊಂದು ಗೆರೆ ಎಳೆದಿರುತ್ತಿದ್ದ. ಅದರ ಹೆಸರು ನಿಲ್ಲೋ ಗೆರೆ. ಹೋಗುವ ಬರುವ ಜನ ನಿಂತು ನೋಡುವುದು ಅಲ್ಲಿಂದ, ಹಾಗಾಗಿ ಅವನೂ ಅಲ್ಲೇ ನಿಂತು, ಗಾಜಿನೊಳಗಿರುವ ಜೊತೆಗಾರನಿಗೆ ಎಡಕ್ಕೆ ಸರಿಸು, ಸ್ವಲ್ಪ ಎತ್ತು, ಸಾಕು ಅಂತೆಲ್ಲ ಕೈಸನ್ನೆ ಮಾಡುತ್ತಿದ್ದ. ಗಾಜು ದಪ್ಪ, ಮಾತಾಡಿದರೆ ಒಳಗೆ ಕೇಳುವುದಿಲ್ಲ. ಸಾಲದ್ದಕ್ಕೆ ಅವನ ಬಾಯಿ ತುಂಬ ಪಿನ್ನು. ಹೀಗೆ ಮಾತು ಅನ್ನುವುದು ಅವನಿಗೆ ಕೆಲಸದಲ್ಲಿ ಬೇಕಾಗಲಿಲ್ಲ, ಬರಬರುತ್ತಾ ಮನೆಯಲ್ಲೂ ಬೇಡವಾಯಿತು.

ವರ್ಷಕ್ಕೆ ಒಂದೆರಡು ಸಲ ಮಾತ್ರ ಒಂದು ಉದ್ದನೆಯ ಮಾತಾಡುತ್ತಿದ್ದ. "ಜನರನ್ನ ನಿಲ್ಲಿಸೋದು ನನ್ನ ಕೆಲಸ. ನಿಂತೋರನ್ನ ಒಳಗೆ ಕರೆಯೋದು ಬಾಗಿಲಲ್ಲಿ ಇರೋನ ಕೆಲಸ." ಇಷ್ಟು ಹೇಳಿ ಎರಡು ದಿನ ಸುಸ್ತಾದವನ ಹಾಗೆ ಇರುತ್ತಿದ್ದ.

ಇಂಥ ಮನುಷ್ಯನ ಸ್ವಂತ ಪ್ಯಾಸೇಜು ಹೇಗಿತ್ತು ಅಂತ ಕೇಳಬೇಡಿ. ಅಲ್ಲ, ಕೇಳಿದರೂ ತಪ್ಪಿಲ್ಲ. ಗಾಳಿ ಹೋದ ಸೈಕಲ್ಲು, ಖಾಲಿ ಗ್ಯಾಸ್ ಸಿಲಿಂಡರು, ಯಾರ ಕಾಲಿಗೂ ಆಗದ ಏಳು ಜೊತೆ ಚಪ್ಪಲಿ, ಗಟ್ಟಿಯಾಗಿ ಕಲ್ಲಾದ ಅರ್ಧ ಮೂಟೆ ಸಿಮೆಂಟು. ಇವನ್ನೆಲ್ಲ ದಾಟಿ ಒಳಗೆ ಬಂದವರಿಗೆ ಹೆಂಡತಿ ಮೊದಲು ನೀರು ಕೊಡುತ್ತಿದ್ದಳು. ಅವಳು ಒಂದು ಹಾಸ್ಟೆಲಿನಲ್ಲಿ ನೂರಿಪ್ಪತ್ತು ಜನಕ್ಕೆ ಅಡುಗೆ ಮಾಡುವವಳು, ಮನೆಗೆ ಬಂದ ಮೇಲೆ ಇನ್ನೊಂದು ಕೆಲಸಕ್ಕೆ ಕೈ ಹಾಕುವ ಹುಮ್ಮಸ್ಸು ಅವಳಿಗೂ ಇರಲಿಲ್ಲ.

ಆ ಪ್ಯಾಸೇಜಿನಲ್ಲೇ ಗಾಜಣ್ಣ ತನ್ನ ಅಕ್ಕನನ್ನು ಕಳೆದುಕೊಂಡಿದ್ದ. ಗಾಬರಿಯಾಗಬೇಡಿ, ಅಕ್ಕ ಗಟ್ಟಿಮುಟ್ಟಾಗಿಯೇ ಇದ್ದಾಳೆ, ಬಸ್ಸಿನಲ್ಲಿ ನಾಲ್ಕು ಗಂಟೆ ದಾರಿಯ ಊರಿನಲ್ಲಿ. ಮನೆಗೆ ಬರುವುದನ್ನು ಬಿಟ್ಟಳು, ಅಷ್ಟೇ. ತಾಯಿ ತೀರಿಕೊಂಡಾಗ ಗಾಜಣ್ಣನಿಗೆ ಆರು ವರ್ಷ, ಅಕ್ಕನಿಗೆ ಹದಿನಾರು. ಅವನನ್ನು ಮೀಯಿಸಿ, ಉಣಿಸಿ, ಹೊಡೆದು, ಓದಿಸಿ ಮನುಷ್ಯನನ್ನಾಗಿ ಮಾಡಿದವಳು ಅವಳೇ. ಇಪ್ಪತ್ತೆಂಟು ವರ್ಷ ರೈಲು ನಿಲ್ದಾಣದ ಲಗೇಜು ಕೋಣೆಯಲ್ಲಿ ಕೂತು, ಕಂಡವರ ಪೆಟ್ಟಿಗೆಗಳನ್ನು ಎತ್ತಿ, ಚೀಟಿ ಅಂಟಿಸಿ, ಹಲಗೆ ಮೇಲೆ ಜೋಡಿಸಿದವಳು. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಅಂತ ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಒಂಬತ್ತು ವರ್ಷದ ಹಿಂದೆ ಗಾಜಣ್ಣ ಒಂದು ಕಪಾಟು ಕೊಂಡ. ಕೊಳ್ಳುವ ಮೊದಲು ಟೇಪು ಹಿಡಿದು ಎದುರಿನಿಂದ ಅಳೆದ, ಇಷ್ಟು ಎತ್ತರ, ಇಷ್ಟು ಅಗಲ, ಸರಿಯಾಗಿದೆ. ಕಪಾಟಿಗೆ ಆಳ ಅಂತಲೂ ಒಂದಿರುತ್ತದೆ ಅನ್ನುವುದು ಅವನಿಗೆ ಹೊಳೆಯಲಿಲ್ಲ, ನಿಲ್ಲೋ ಗೆರೆಯಿಂದ ಆಳ ಕಾಣುವುದಿಲ್ಲವಲ್ಲ. ಕಪಾಟು ಪ್ಯಾಸೇಜಿನೊಳಗೆ ನಾಲ್ಕಡಿ ಬಂದು ಮೀಟರ್ ಪೆಟ್ಟಿಗೆಗೆ ಸಿಕ್ಕಿಹಾಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಸಾಗಿಸಿ ತಂದವರು ಬಡಗಿಯನ್ನು ಕರೆಸಿ ಅಂತ ಪುಕ್ಕಟೆ ಸಲಹೆ ಕೊಟ್ಟು ಹೊರಟುಹೋದರು. ಬಡಗಿ ನಾಳೆ ಬರುತ್ತೇನೆ ಅಂದ. ಗಂಡ ಹೆಂಡತಿ ಮನೆಯೊಳಗೆ, ಕಪಾಟು ನಡುವೆ, ಪ್ರಪಂಚ ಆಚೆ.

ಆವತ್ತು ಮಧ್ಯಾಹ್ನವೇ ಅಕ್ಕ ಹೇಳದೆ ಕೇಳದೆ ಬಂದಳು. ಗಾಜಣ್ಣ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಹತ್ತಿ, ಕಪಾಟಿನ ತಲೆಯ ಮೇಲಿದ್ದ ಸಂದಿಯಲ್ಲಿ ಇಣುಕಿದ. ಬೆಳಗಿನಿಂದ ಅದನ್ನು ನೂಕಿ ನೂಕಿ ಅವನಿಗೆ ತಲೆ ಕೆಟ್ಟಿತ್ತು. "ಇವತ್ತೇ ಬರಬೇಕಿತ್ತಾ ಅಕ್ಕಾ?" ಅಂದುಬಿಟ್ಟ.

ಅವನು ಹೇಳಿದ್ದು ಕಪಾಟಿನ ಸಲುವಾಗಿ. ಅಕ್ಕ ಕೇಳಿಸಿಕೊಂಡದ್ದು ತನ್ನ ಸಲುವಾಗಿ. ಬಿಸಿಲಲ್ಲಿ ನಿಂತೇ ಕೈಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡಳು. "ಸರಿ" ಅಂದಳು. ತಿರುಗಿ ಬಸ್ ನಿಲ್ದಾಣಕ್ಕೆ ನಡೆದಳು. ಹಿಂದೆ ಓಡಿಹೋಗಿ ಕೈ ಹಿಡಿದು ಕರೆತರೋಣ ಅಂದರೆ ಎದುರಿಗೆ ಕಪಾಟು.

ಆಮೇಲೆ ಒಂಬತ್ತು ವರ್ಷ ಅಕ್ಕ ಪ್ರತಿ ಭಾನುವಾರ ಫೋನು ಮಾಡಿದಳು. ಮದುವೆ ಮನೆಗಳಲ್ಲಿ ಸಿಕ್ಕಾಗ ಅವನ ಅಂಗಿಯ ಕಾಲರು ಸರಿಮಾಡಿದಳು. ಮನೆಗೆ ಮಾತ್ರ ಬರಲಿಲ್ಲ. ಯಾಕಕ್ಕಾ ಬರಲ್ಲ ಅಂದರೆ, "ಕಪಾಟು ಒಳಗೆ ಹೋಯ್ತಾ?" ಅಂತ ಕೇಳುತ್ತಿದ್ದಳು. "ಹೋಯ್ತಕ್ಕಾ, ಎರಡು ತುಂಡು ಮಾಡಿ ಒಳಗೆ ಹಾಕಿದ್ವಿ." "ಒಳ್ಳೇದಾಯ್ತು ಬಿಡು." ಅಲ್ಲಿಗೆ ಆ ಮಾತು ಮುಗಿಯಿತು. ಗಾಜಣ್ಣನಿಗೆ ಇದು ಒಳಗೊಳಗೇ ತುಂಬ ನೋವು ಕೊಟ್ಟಿತ್ತು. ಊಟಕ್ಕೆ ಕೂತಾಗ, ನಡುಮನೆಯ ಖಾಲಿ ಕುರ್ಚಿ ನೋಡಿದಾಗ, ಅಕ್ಕ ಒಂದು ಸಲ ಇಲ್ಲಿ ಬಂದು ಕೂತರೆ ಸಾಕಪ್ಪ ಅನ್ನಿಸುತ್ತಿತ್ತು. ಅದನ್ನು ಬಾಯಿಬಿಟ್ಟು ಯಾರಿಗೂ ಹೇಳಿದವನಲ್ಲ.

ಹೀಗಿರುವಾಗ ಒಂದು ಶನಿವಾರ, ಭಾನುವಾರವೂ ಅಲ್ಲ, ಅಕ್ಕನ ಫೋನು ಬಂತು.

"ಮುಂದಿನ ವಾರ ಬಿಟ್ಟು ಅದರಾಚೆ ಗುರುವಾರ, ನಿಮ್ಮೂರಲ್ಲಿ ಕಣ್ಣು ಡಾಕ್ಟ್ರ ಹತ್ರ ಬರ್ತಿದೀನಿ. ತೋರಿಸಿದ ಮೇಲೆ ಬಸ್ಸಿಗೆ ಒಂದೂವರೆ ಗಂಟೆ ಟೈಮಿದೆ. ಬಾಗಿಲ ತನಕ ಬಂದು ಮುಖ ತೋರಿಸಿ ಹೋಗ್ತೀನಿ."

"ಬಾಗಿಲ ತನಕ ಯಾಕಕ್ಕಾ," ಅಂದ ಗಾಜಣ್ಣ. ಅಷ್ಟರಲ್ಲಿ ಫೋನು ಇಟ್ಟಾಗಿತ್ತು.

ಹನ್ನೆರಡು ದಿನ. ಬಾಗಿಲ ತನಕ ಬರುವ ಅಕ್ಕನನ್ನು ನಡುಮನೆಯ ಕುರ್ಚಿ ತನಕ ತರಬೇಕು. ನಡುವೆ ಇರುವುದು ಒಂಬತ್ತಡಿ. ಹೆಂಡತಿಗೆ ಏನೂ ಹೇಳದೆ ಅವನು ಆವತ್ತೇ ಸೈಕಲ್ಲು, ಸಿಲಿಂಡರು, ಸಿಮೆಂಟುಗಳನ್ನು ಹೊರಗೆ ಸಾಗಿಸಿದ. ಏಳು ಜೊತೆ ಚಪ್ಪಲಿಯನ್ನು ಗುಜರಿಯವನಿಗೆ ಕೊಟ್ಟುಬಿಟ್ಟ. ಖಾಲಿಯಾದ ಪ್ಯಾಸೇಜನ್ನು ಹೆಂಡತಿ ಅರ್ಧ ಗಂಟೆ ಸುಮ್ಮನೆ ನೋಡಿದಳು. "ಇಷ್ಟೇ ಸಾಕಲ್ವಾ?" ಅಂದಳು.

ಸಾಕಾಗುತ್ತದೆಯೇ? ಮೂವತ್ತೊಂದು ವರ್ಷ ಗೊಂಬೆಗಳಿಗೆ ಮಾಡಿದ್ದನ್ನು ಅಕ್ಕನಿಗೆ ಮಾಡದಿದ್ದರೆ ಅವನ ಕಸುಬಿಗೆ ಏನು ಬೆಲೆ? ಗೋಡೆಯ ಕೆಳಗಿನರ್ಧ ಕಂದು, ಮೇಲಿನರ್ಧ ಕೆನೆ ಬಣ್ಣ ಬಳಿದ, ಹಾಗೆ ಮಾಡಿದರೆ ಎತ್ತರ ಜಾಸ್ತಿ ಕಾಣುತ್ತದೆ. ಉದ್ದುದ್ದ ಪಟ್ಟೆಯ ಜಮಖಾನ ಹಾಸಿದ, ಜಾಗ ಉದ್ದ ಕಾಣುತ್ತದೆ. ಕೊನೆಯ ಗೋಡೆಗೆ ಆಳೆತ್ತರದ ಕನ್ನಡಿ ನಿಲ್ಲಿಸಿದ, ಒಂಬತ್ತಡಿ ಹದಿನೆಂಟಡಿಯಾಯಿತು. ಅಂಗಡಿಯ ಉಗ್ರಾಣದಲ್ಲಿ ಬಿದ್ದಿದ್ದ ಹಳೆಯ ಶೋಕೇಸು ಸಾಮಾನನ್ನು ಕೇಳಿ ತಂದ. ಕಾಗದದ ಎಲೆಗಳ ಅರ್ಧ ಹೂಕುಂಡ ಗೋಡೆಗೆ ಅಂಟಿತು. ನಾಲ್ಕು ಬೆರಳಗಲದ ಹಲಗೆಯ ಮೇಲೆ ಬರೀ ಬೆನ್ನಿರುವ ಐದು ಪುಸ್ತಕ ಕೂತವು, ಒಳಗೆ ಹಾಳೆ ಇಲ್ಲ. ಮೊಳೆಗಳಿಗೆ ಒಂದು ಕೋಟು, ಒಂದು ಟೋಪಿ, ಒಂದು ಕೆಂಪು ಕೊಡೆ. ಕೊಡೆಯ ಮಡಿಕೆ ಕದಲಬಾರದು ಅಂತ ಸುತ್ತಲೂ ಹೊಲಿದುಬಿಟ್ಟಿದ್ದ. ಕೊನೆಗೆ ಮಖಮಲ್ಲಿನ ಹೊದಿಕೆಯ ಒಂದು ಸ್ಟೂಲು. ಅದಕ್ಕೆ ಮುಂದೆ ಎರಡು ಕಾಲು, ಹಿಂದೆ ಗೋಡೆ.

ಕೊನೆಯ ಹೊಂದಾಣಿಕೆಗೆ ಬೀದಿಯಲ್ಲಿ ಐದು ಹೆಜ್ಜೆ ಅಳೆದು ಸೀಮೆಸುಣ್ಣದ ಗೆರೆ ಎಳೆದ. ಹೆಂಡತಿಯನ್ನು ಒಳಗೆ ನಿಲ್ಲಿಸಿದ. ತಾನು ಗೆರೆಯ ಮೇಲೆ ನಿಂತು ಎರಡು ಬೆರಳು ಎತ್ತಿ ಎಡಕ್ಕೆ ಆಡಿಸಿದ.

"ಏನ್ರೀ ಅದು?"

ಗಾಜಣ್ಣ ಅಂಗೈ ಬೋರಲು ಮಾಡಿ ನಿಧಾನವಾಗಿ ಇಳಿಸಿದ.

"ಬಾಯಲ್ಲಿ ಹೇಳ್ರೀ. ಮಧ್ಯ ಗಾಜಿಲ್ಲ. ನನಗೆ ಕಿವಿ ಕೇಳಿಸುತ್ತೆ."

ಅವನು ಇನ್ನೂ ನಿಧಾನವಾಗಿ ಅಂಗೈ ಇಳಿಸಿದ. ಹೆಂಡತಿ ಟೋಪಿ ಇಳಿಸಿದಳು. ಅದು ಕೋಟು ಅಂತ ತಲೆಯಾಡಿಸಿದ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳು ಇದಕ್ಕಿಂತ ದೊಡ್ಡ ದೊಡ್ಡದನ್ನೇ ಸಹಿಸಿಕೊಂಡಿದ್ದಳು, ಕೋಟು ಇಳಿಸಿದಳು.

ಸಿಂಗಾರ ಮುಗಿದದ್ದು ಸೋಮವಾರ. ನಿಜ ಹೇಳಬೇಕೆಂದರೆ ಅದು ಚೆನ್ನಾಗಿತ್ತು. ಚೆನ್ನಾಗಿತ್ತು ಅಂದರೆ ಸಾಲದು, ಬೀದಿಯಲ್ಲಿ ಹೋಗುವವರು ನಿಂತರು. ಸೈಕಲ್ಲು ತಳ್ಳಿಕೊಂಡು ಬಂದವನೊಬ್ಬ ಸರಿಯಾಗಿ ಗೆರೆಯ ಮೇಲೇ ನಿಂತ. ಒಬ್ಬಳು ಬಾಗಿಲ ಬಳಿ ಬಂದು, "ಆ ಕೊಡೆ ಬೇರೆ ಬಣ್ಣದಲ್ಲಿ ಸಿಗುತ್ತಾ?" ಅಂತ ಕೇಳಿದಳು. ಕಸುಬಿನವರಿಗೆ ಇದಕ್ಕಿಂತ ದೊಡ್ಡ ಮಾತಿಲ್ಲ. ಗಾಜಣ್ಣ ಆವತ್ತು ರಾತ್ರಿ ಎರಡೆರಡು ಸಲ ಊಟ ಮಾಡಿದ.

ಮಂಗಳವಾರದಿಂದ ಬೇರೆ ಕತೆ ಶುರುವಾಯಿತು. ಪಕ್ಕದ ಮನೆಯ ಮುದುಕರೊಬ್ಬರು, ಎಲ್ಲರೂ ಪೇಪರ್ ತಾತ ಅನ್ನುವವರು, ಹನ್ನೆರಡು ವರ್ಷದಿಂದ ದಿನಾ ಬೆಳಿಗ್ಗೆ ಸಿಮೆಂಟು ಮೂಟೆ ದಾಟಿಕೊಂಡು ಸೀದಾ ನಡುಮನೆಗೆ ಬಂದು, ಯಾರನ್ನೂ ಮಾತಾಡಿಸದೆ ಇವರ ಪೇಪರು ಓದಿ ಎದ್ದು ಹೋಗುತ್ತಿದ್ದರು. ಮಂಗಳವಾರ ಅವರು ಬೀದಿಯಲ್ಲೇ ನಿಂತು ಕೆಮ್ಮಿದರು.

"ಬನ್ನಿ ತಾತ," ಅಂದಳು ಹೆಂಡತಿ.

"ಬೇಡಮ್ಮ, ಪೇಪರು ಇಲ್ಲಿಗೇ ಕೊಡು. ಇಲ್ಲೇ ನಿಂತು ಓದ್ತೀನಿ."

ನಿಂತುಕೊಂಡು ಓದಿದರು, ಮಡಚಿ ಹೊಸ್ತಿಲ ಮೇಲಿಟ್ಟು ಹೋದರು. ಗ್ಯಾಸಿನವನು ಸಿಲಿಂಡರನ್ನು ಬೀದಿಯಲ್ಲೇ ಇಳಿಸಿ, ಒಳಗೆ ಬರುವುದಿಲ್ಲ, ಏನಾದರೂ ತಾಗೀತು ಅಂದ. ಪಾರ್ಸಲು ತಂದವನಂತೂ ತೆರೆದ ಬಾಗಿಲಿಗೆ ಮುಖ ಮಾಡಿ ನಿಂತು, "ಈ ಮನೆ ಬಾಗಿಲು ಯಾವ ಕಡೆ ಬರುತ್ತೆ?" ಅಂತ ಕೇಳಿದ. ಮನೆಯವರ ಪಾಡೂ ಅಷ್ಟೇ. ಚಪ್ಪಲಿ ಕೈಯಲ್ಲಿ ಹಿಡಿದು, ಜಮಖಾನ ತುಳಿಯದೆ, ಕೋಟಿಗೆ ಭುಜ ತಾಗಿಸದೆ ಓರೆಯಾಗಿ ನಡೆಯಬೇಕು. ನೂರಿಪ್ಪತ್ತು ಜನರ ಪಾತ್ರೆ ಎತ್ತುವ ಹೆಂಗಸಿಗೆ ಓರೆಯಾಗಿ ನಡೆಯುವುದು ಅಷ್ಟು ಸುಲಭವಲ್ಲ.

ಬುಧವಾರ ಅವಳು ತಟ್ಟೆ ಮುಂದಿಟ್ಟು ಕೇಳಿದಳು. "ನಿಮ್ಮಕ್ಕ ಒಳಗೆ ಬರಬೇಕೋ, ನೋಡ್ಕೊಂಡು ಹೋಗಬೇಕೋ?"

"ಒಳಗೆ ಬರಬೇಕು."

"ಎರಡು ದಿನದಿಂದ ಒಂದು ನರಪಿಳ್ಳೆ ಒಳಗೆ ಬಂದಿಲ್ಲ."

"ಮೊದಲು ನಿಲ್ಲಲಿ," ಅಂದ ಗಾಜಣ್ಣ. "ನಿಂತ್ರೆ ಅರ್ಧ ಕೆಲಸ ಆದ ಹಾಗೆ."

"ಮಿಕ್ಕ ಅರ್ಧ ಯಾರು ಮಾಡ್ತಾರೆ?"

ಗಾಜಣ್ಣ ಅನ್ನ ಕಲಸಿದ.

ಗುರುವಾರ ಅವನು ರಜೆ ಹಾಕಿ ಒಂಬತ್ತು ಗಂಟೆಯಿಂದಲೇ ಬೀದಿಯಲ್ಲಿ ನಿಂತ. ಹನ್ನೊಂದೂವರೆಗೆ ಒಂದು ಬಾಡಿಗೆ ಗಾಡಿ ಬಂತು, ಅಕ್ಕ ಇಳಿದಳು. ಮುಖದ ಅರ್ಧ ಮುಚ್ಚುವ ಕಪ್ಪು ಕನ್ನಡಕ, ಕೈಯಲ್ಲಿ ಚೀಲ. ಕಾಲನ್ನು ತಡವಿ ತಡವಿ ಇಡುತ್ತಿದ್ದಳು. ವಯಸ್ಸಾಯಿತು ಅಂದುಕೊಂಡ ಗಾಜಣ್ಣ. ಚೀಲ ಇಸಿದುಕೊಂಡು, ತೋಳು ಹಿಡಿದು ಕರೆತಂದು, ಗೆರೆಯ ಮೇಲೆ ನಿಲ್ಲಿಸಿದ.

"ಇಲ್ಲಿ ನಿಂತ್ಕೋ ಅಕ್ಕಾ."

ಅಕ್ಕ ನಿಂತಳು. ಗಾಜಣ್ಣ ಪಕ್ಕದಲ್ಲಿ, ಅಂಗಡಿ ಯಜಮಾನರ ಪಕ್ಕ ನಿಲ್ಲುವ ಹಾಗೆ, ಕೈ ಹಿಂದೆ ಕಟ್ಟಿ ನಿಂತ. ಇಬ್ಬರ ಮುಖವೂ ಮನೆಯ ಕಡೆಗೆ.

"ಅದ್ಯಾರೋ?" ಅಂದಳು ಅಕ್ಕ.

"ಯಾರು?"

"ಒಳಗಿಂದ ಯಾರೋ ಹೆಂಗಸು ಬರ್ತಿದಾರೆ. ದಪ್ಪಗಿದಾರೆ. ಅವರು ಮೊದಲು ಹೊರಗೆ ಬರ್ಲಿ. ನಿನ್ನ ಪ್ಯಾಸೇಜಲ್ಲಿ ಇಬ್ಬರು ಹಿಡಿಸಲ್ಲ." ಹೀಗೆ ಹೇಳಿ ಅಕ್ಕ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು. ಒಳಗಿನ ಹೆಂಗಸೂ ಸರಿದಳು. "ಮರ್ಯಾದೆ ಗೊತ್ತಿರೋರು," ಅಂತ ಮೆಚ್ಚಿದಳು.

"ಅಕ್ಕಾ, ಅದು ಕನ್ನಡಿ. ನೀನೇ ಅದು."

ಅಕ್ಕ ಕತ್ತು ಮುಂದೆ ಚಾಚಿ ನೋಡಿದಳು. "ಅಷ್ಟು ದಪ್ಪ ಆಗಿದೀನಾ?" ಅಂದಳು. ಆಮೇಲೆ, "ಕಣ್ಣಿಗೆ ಏನೋ ಹನಿ ಹಾಕಿದಾರೆ ಕಣೋ. ಸಂಜೆವರೆಗೂ ಎಲ್ಲ ಮಂಜು ಮಂಜು. ನಿನ್ನ ಮುಖಾನೂ ನೆಟ್ಟಗೆ ಕಾಣ್ತಿಲ್ಲ," ಅಂದಳು.

ಹನ್ನೆರಡು ದಿನ, ಎರಡು ಬಣ್ಣ, ನಲವತ್ತು ಪಿನ್ನು. "ಏನೂ ಕಾಣಲ್ವಾ?"

"ಬೆಳಕು ಕಾಣುತ್ತೆ. ಏನೋ ಕೆಂಪಗಿದೆ. ಏನೇನಿದೆ ಅಲ್ಲಿ, ನೀನೇ ಹೇಳು."

ಅವನು ಹೇಳತೊಡಗಿದ. ಬೀದಿಯಲ್ಲಿ, ಸುಡುವ ಬಿಸಿಲಿನಲ್ಲಿ, ಒಂದೊಂದಾಗಿ.

"ಒಂದು ಟೋಪಿ ಇದೆ."

"ಯಾರದು?"

"ಯಾರದೂ ಅಲ್ಲ. ಕೆಂಪಗೆ ಕಾಣೋದು ಕೊಡೆ."

"ಕೊಡ್ತೀಯಾ ಇಲ್ಲಿ, ಬಿಸಿಲು ತಡೆಯೋಕಾಗ್ತಿಲ್ಲ."

"ಅದನ್ನ ಬಿಚ್ಚೋಕಾಗಲ್ಲ. ಹೊಲಿದಿದೀನಿ."

"ಮತ್ತೆ?"

"ಪುಸ್ತಕ ಇದೆ. ಬರೀ ಬೆನ್ನು. ಒಂದು ಸ್ಟೂಲಿದೆ."

"ಅದು ಒಳ್ಳೇದು," ಅಂದಳು ಅಕ್ಕ. "ಮಂಡಿ ನೋಯ್ತಿದೆ, ಸ್ವಲ್ಪ ಕೂತ್ಕೋತೀನಿ." ಹೀಗೆಂದು ಕೈ ಮುಂದೆ ಚಾಚಿ ಬಾಗಿಲ ಕಡೆಗೆ ನಡೆದಳು. ಐದು ಹೆಜ್ಜೆ ದಾಟಿದಳು, ಒಂದು ಕಾಲು ಹೊಸ್ತಿಲ ಮೇಲೆ ಇಡುವುದರಲ್ಲಿದ್ದಳು.

"ಬೇಡ ಅಕ್ಕಾ. ಅದು ಕೂರೋಕಲ್ಲ."

ಎಷ್ಟೋ ವರ್ಷದಿಂದ ಅವನು ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ. ಎದುರು ಮನೆಯವರು ಕಿಟಕಿ ತೆಗೆದು ನೋಡಿದರು.

ಅಕ್ಕನ ಕಾಲು ಹೊಸ್ತಿಲ ಮೇಲೆ ಬೀಳಲಿಲ್ಲ. ಹಿಂದಕ್ಕೆ ತೆಗೆದುಕೊಂಡಳು. "ಸರಿ" ಅಂದಳು. "ಚೆನ್ನಾಗಿದೆ ಅಂತ ಕಾಣುತ್ತೆ. ಕಣ್ಣು ನೆಟ್ಟಗಿರೋರಿಗೆ ತೋರಿಸು. ನಾನು ಬಸ್ ನಿಲ್ದಾಣದಲ್ಲೇ ಕೂತಿರ್ತೀನಿ." ಚೀಲಕ್ಕಾಗಿ ಕೈ ಚಾಚಿದಳು.

ಅವಳ ಕೈ ಗಾಜಣ್ಣ ಇದ್ದ ಕಡೆಗೆ ಚಾಚಿರಲಿಲ್ಲ. ಅವನು ನಿಂತ ಜಾಗ ಬಿಟ್ಟು ಒಂದು ಮೊಳ ಆಚೆಗೆ, ಯಾರೂ ಇಲ್ಲದ ಕಡೆ ಚಾಚಿತ್ತು. ಇನ್ನೊಂದು ನಿಮಿಷ ಬಿಟ್ಟರೆ ಇವಳು ಹೋಗುತ್ತಾಳೆ, ಇನ್ನು ಬರುವುದಿಲ್ಲ, ಇದು ಅವನಿಗೆ ಗೊತ್ತಾಯಿತು. ಹೇಳಬೇಕಾದ ಮಾತೇನೂ ದೊಡ್ಡದಲ್ಲ. ಒಳಗೆ ಬಾ. ಎರಡೇ ಮಾತು. ಆದರೆ ಮೂವತ್ತೊಂದು ವರ್ಷದಲ್ಲಿ ಆ ಎರಡು ಮಾತನ್ನು ಅವನು ಯಾರಿಗೂ ಹೇಳಿದವನಲ್ಲ, ಅದು ಬೇರೆಯವನ ಕೆಲಸವಾಗಿತ್ತು. ನಾಲಗೆ ಏಳಲಿಲ್ಲ.

ಕೈ ಮಾತ್ರ ಎದ್ದಿತು. ಚೀಲವನ್ನು ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಕಾಲಲ್ಲೇ ಜಮಖಾನ ತುಳಿದುಕೊಂಡು ಒಳಗೆ ನುಗ್ಗಿದ. ಮೊದಲು ಸ್ಟೂಲನ್ನು ಗೋಡೆಯಿಂದ ಕಿತ್ತು 'ಟಣ್' ಅಂತ ಬೀದಿಯಲ್ಲಿಟ್ಟ. ಆಮೇಲೆ ಟೋಪಿ, ಆಮೇಲೆ ಕೋಟು. ಶೋಕೇಸು ಬಿಚ್ಚುವುದಕ್ಕೂ ಒಂದು ಕ್ರಮವಿದೆ, ಪಿನ್ನುಗಳನ್ನು ಒಂದೊಂದಾಗಿ ಕಿತ್ತು ತುಟಿಗಳ ನಡುವೆ ಇಟ್ಟುಕೊಳ್ಳುತ್ತಾ ಹೋದ. ಅಂಥ ಹೊತ್ತಿನಲ್ಲೂ ಒಂದು ಪಿನ್ನನ್ನೂ ಕೆಳಗೆ ಬೀಳಿಸಲಿಲ್ಲ ಅನ್ನುವುದನ್ನು ಅವನ ಪರವಾಗಿ ಹೇಳಲೇಬೇಕು.

"ಏನ್ ಮಾಡ್ತಿದೀಯೋ?" ಅಂದಳು ಅಕ್ಕ. ಹೂಕುಂಡ ಬಂದು ಅವಳ ಕಾಲ ಹತ್ತಿರ ಕೂತಿತು.

ಲಗೇಜು ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ದುಡಿದ ಜೀವಕ್ಕೆ ಬೀದಿಯಲ್ಲಿ ಬಿದ್ದ ಸಾಮಾನನ್ನು ಸುಮ್ಮನೆ ಬಿಡಲು ಆಗುವುದಿಲ್ಲ. ಅಕ್ಕ ಗೊಣಗಿದಳು. "ಹೀಗೆ ದಾರಿ ಮಧ್ಯ ಸಾಮಾನು ಹರಡ್ತಾರಾ? ಯಾರಾದ್ರೂ ಎತ್ಕೊಂಡು ಹೋದ್ರೆ ಏನ್ ಮಾಡ್ತೀಯ?" ಬಗ್ಗಿ, ತಡವಿ, ಸ್ಟೂಲನ್ನು ಎತ್ತಿ ಕಂಕುಳಿಗೆ ಸಿಕ್ಕಿಸಿಕೊಂಡಳು. "ಇದನ್ನ ಎಲ್ಲಿಡಲಿ?"

ಗಾಜಣ್ಣ ಕೈಯಿಂದ ಒಳಗೆ ತೋರಿಸಿದ.

"ಸನ್ನೆ ಮಾಡಬೇಡ. ಕಾಣಲ್ಲ ಅಂದ್ನಲ್ಲ. ಬಾಯಲ್ಲಿ ಹೇಳು."

ಬಾಯಲ್ಲಿ ಹದಿನೆಂಟು ಪಿನ್ನು. "ಊಂ," ಅಂದ.

"ಒಳಗೇನಾ?"

"ಊಂ."

ಅಕ್ಕ ಹೊಸ್ತಿಲು ದಾಟಿ ಬಂದಳು. ಎರಡು ಕಾಲಿನ ಸ್ಟೂಲು ಎಡಗೈಯಲ್ಲಿ, ಬಲಗೈ ಗೋಡೆಯ ಮೇಲೆ. ಪ್ಯಾಸೇಜಿನಲ್ಲಿ ಇಬ್ಬರು ಹಿಡಿಸುವುದಿಲ್ಲ. ಗಾಜಣ್ಣ ಗೋಡೆಗೆ ಒತ್ತಿಕೊಂಡ, ಹೊಟ್ಟೆ ಒಳಗೆಳೆದುಕೊಂಡ, ಅವಳು ಹೇಗೋ ಉಜ್ಜಿಕೊಂಡು ಅವನನ್ನು ದಾಟಿ ಹೋದಳು. ಅವನು ಮಿಕ್ಕಿದ್ದನ್ನು ಕಿತ್ತುಕೊಂಡು ಬೀದಿಗೆ ಇಳಿದ.

"ಇದು ಚೆನ್ನಾಗಿದೆ ಕಣೋ," ಅಂತ ಪ್ಯಾಸೇಜಿನ ನಡುವಿನಿಂದ ಅಕ್ಕನ ದನಿ ಬಂತು. "ಎರಡೂ ಕಡೆ ಗೋಡೆ ಕೈಗೆ ಸಿಗುತ್ತೆ. ಕಣ್ಣು ಕಾಣದಿದ್ರೂ ಬೀಳೋ ಭಯ ಇಲ್ಲ. ನಮ್ಮನೆ ಹಾಲಲ್ಲಿ ಏನು ಹಿಡ್ಕೋಬೇಕು ಅಂತಾನೇ ಗೊತ್ತಾಗಲ್ಲ ನೋಡು."

ಗಾಜಣ್ಣ ಪ್ಯಾಸೇಜಿನ ಬಗ್ಗೆ ಹನ್ನೆರಡು ದಿನದಿಂದ ಒಂದು ಒಳ್ಳೆಯ ಮಾತಿಗಾಗಿ ಕಾದಿದ್ದವನು. ಅದು ಅಗಲ ಕಮ್ಮಿ ಇರುವುದರ ಸಲುವಾಗಿ ಬಂದೀತು ಅಂತ ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಅಕ್ಕ ಮತ್ತೆ ಬಂದಳು. ಕೋಟು, ಟೋಪಿ ತೆಗೆದುಕೊಂಡು ಹೋದಳು. ಮತ್ತೆ ಬಂದು ಹೂಕುಂಡ ಎತ್ತಿ, "ಇದರ ಇನ್ನರ್ಧ ಎಲ್ಲೋ?" ಅಂತ ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ನಡೆದಳು. ಹೆಂಡತಿ ಅಷ್ಟು ಹೊತ್ತಿಗೆ ಎಲ್ಲ ಅರ್ಥ ಮಾಡಿಕೊಂಡು ಕನ್ನಡಿಯನ್ನು ಗೋಡೆಗೆ ಮುಖ ಮಾಡಿಸಿ ಜಮಖಾನ ಸುತ್ತಿಟ್ಟಿದ್ದಳು. ನಡುಮನೆಯಲ್ಲಿ ಅಕ್ಕನದೇ ದನಿ. ಇದು ಮಂಚದ ಕೆಳಗೆ ಹೋಗಲಿ. ಅದು ಬೇಡ, ದಿನಾ ಬೇಕಾಗೋದನ್ನ ಮುಂದೆ ಇಡು. ಭಾರದ್ದು ಕೆಳಗೆ, ಹಗುರದ್ದು ಮೇಲೆ, ಇಷ್ಟೂ ಗೊತ್ತಿಲ್ವೇನಮ್ಮಾ.

ನಾಲ್ಕನೇ ಸಲ ಕೊಡೆ ಮತ್ತು ಪುಸ್ತಕದ ಬೆನ್ನುಗಳನ್ನು ಒಯ್ದವಳು ಮತ್ತೆ ಹೊರಗೆ ಬರಲಿಲ್ಲ. ಬೀದಿಯಲ್ಲಿ ಎತ್ತುವಂಥದ್ದು ಏನೂ ಉಳಿದಿರಲಿಲ್ಲ. ಪ್ಯಾಸೇಜಿನಲ್ಲಿ ಕಂದು ಬಣ್ಣ, ಕೆನೆ ಬಣ್ಣ, ಪಿನ್ನಿನ ತೂತುಗಳು, ಅಷ್ಟೇ. ಹೋಗುವವರು ಯಾರೂ ನಿಂತು ನೋಡಲಿಲ್ಲ.

"ಕೂತ್ಕೊಳ್ಳಿ ಅತ್ತಿಗೆ," ಅಂದಳು ಒಳಗೆ ಹೆಂಡತಿ.

"ಈ ಕುರ್ಚಿಗೆ ನಾಲ್ಕು ಕಾಲಿದೆ ತಾನೇ?"

"ಇದೆ."

ಕುರ್ಚಿ ಕಿರ್ ಅಂದಿತು. ಅಕ್ಕ ಉಸ್ಸಪ್ಪ ಅಂತ ಉಸಿರು ಬಿಟ್ಟದ್ದು ಬೀದಿಗೇ ಕೇಳಿಸಿತು. ಗಾಜಣ್ಣನಿಗೆ ಅಳು ಬಂತು. ಬಾಯಲ್ಲಿ ಪಿನ್ನು ಇಟ್ಟುಕೊಂಡು ಅಳುವುದು ಅಪಾಯ, ಹಾಗಾಗಿ ಒಂದೊಂದನ್ನೇ ತೆಗೆದು ಡಬ್ಬಿಗೆ ಹಾಕಿದ. ಕೊನೆಯದು ತೆಗೆಯುವ ತನಕ ತಡೆದುಕೊಂಡ. ಆಮೇಲೆ ಅಂಗಿಯ ತೋಳಿನಲ್ಲಿ ಮುಖ ಮುಚ್ಚಿಕೊಂಡು ನಿಂತ.

"ಬಸ್ಸಿಗೆ ಹೊತ್ತಾಗಲ್ವಾ ಅತ್ತಿಗೆ?"

"ಆಗಲಿ ಬಿಡು. ಕಣ್ಣು ಕಾಣದೆ ಯಾವ ಬಸ್ಸು ಹತ್ತಲಿ? ನಾಳೆ ಹೋದ್ರಾಯ್ತು." ಲೋಟ ಕೆಳಗಿಟ್ಟ ಸದ್ದಾಯಿತು. ಆಮೇಲೆ ಅಕ್ಕ, ಅವನು ಆರು ವರ್ಷದವನಿದ್ದಾಗ ಕೂಗುತ್ತಿದ್ದ ಹಾಗೆಯೇ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು.

"ಲೋ, ಇನ್ನೂ ಎಷ್ಟು ಹೊತ್ತು ಹೊರಗೆ ನಿಂತಿರ್ತೀಯ? ಒಳಗೆ ಬಾರೋ."

ಆ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದವನು ಗಾಜಣ್ಣ. ಯಾರೂ ಅವನನ್ನು ಹಾಗೆ ಕರೆದಿರಲಿಲ್ಲ. ಅವನು ಕಣ್ಣೊರೆಸಿಕೊಂಡು, ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಒಳಗೆ ಹೋದ.